ಪಿಂಗಾಣಿಯ ಪೂರ್ವಕಥೆ

ರೊಟ್ಟಿ ಜಾತ್ರೆಗೆ ಹೆಸರಾದ ಶಿರೋಳದಂಥ ಊರುಗಳಲ್ಲಿ ರೊಟ್ಟಿಯ ಜೊತೆಗೆ ಬಡಿಸುವ ಉಪ್ಪಿನಕಾಯಿಯನ್ನು ಗೃಹಿಣಿಯರು ತಾಮ್ರ ಹಿತ್ತಾಳೆಗಳಲ್ಲಿ ಇಡುವುದಿಲ್ಲ. ಪಿಂಗಾಣಿಯ ಭರಣಿಯಲ್ಲಿ ಇಡುತ್ತಾರೆ. ಹುಳಿಯು ಲೋಹವನ್ನು ತಿನ್ನುವುದು. ಚೆನ್ನಾಗಿ ಬೆಂದ ಪಿಂಗಾಣಿಯ ಗಾಜಿನಂಥ ಲೇಪವನ್ನು ತಿನ್ನದು. ಇದು ಎಲ್ಲರೂ ಬಲ್ಲ ಮಾತು. ಆದರೆ ‘ಪಿಂಗಾಣಿ’ ಎಂಬ ಹೆಸರಿನ ಮೂಲವು, ಬಟ್ಟಲು ಎಂಬ ಅರ್ಥದ ‘ಪಿಂಗಾನ್’ ಎಂಬ ಪಾರಸಿ ಶಬ್ದವೆಂಬುದನ್ನು ಬಲ್ಲವರು ಕೆಲವರೇ.

ಪಾರಸ ದೇಶದ ಕಾಶಾನ್ ನಗರವು ಕ್ರಿ. ಶ. 1200ರ ಸುಮಾರಿಗೆ ಬಟ್ಟಲು, ತಟ್ಟೆ, ಹೂಜಿಗಳಿಗೆ ಪ್ರಖ್ಯಾತವಾಗಿತ್ತು. ಚೀನಾ ದೇಶದ ಬಿಳಿಯ ಪಾತ್ರೆಗಳನ್ನು ಕಂಡು ಅಲ್ಲಿಯ ಕುಂಬಾರರು ಬೆರಗಾಗಿದ್ದರು. ಆದರೆ ಅಂಥ ಮಣ್ಣು ಅವರಿಗೆ ದೊರೆಯಲಿಲ್ಲ. ಆದುದರಿಂದ ಅವರು ಬೆಣಚುಕಲ್ಲಿನ ಪುಡಿ ಹತ್ತು ಪಾಲು, ಗಾಜಿನ ಪುಡಿ ಒಂದು ಪಾಲು, ನಯವಾದ ಬಿಳಿಯ ಜೇಡಿ ಒಂದು ಪಾಲು ಕೂಡಿಸಿ ಹೊಸ ಹದವನ್ನೇ ಕಟ್ಟಿದರು. ಈ ಬಿಳಿಯ ಮೈಮೇಲೆ ಕಪ್ಪು ಮತ್ತು ನೀಲಿ ಬಣ್ಣಗಳಿಂದ ಬಳ್ಳಿ, ಮೀನು, ಅಕ್ಷರಗಳನ್ನು ಬರೆದು, ಮೇಲೆ ಪಾರದರ್ಶಕ ಲೇಪವನ್ನು ಹಚ್ಚಿ ಆವಿಗೆಯಲ್ಲಿ ಸುಟ್ಟರು. ಲೇಪದಲ್ಲಿ ತಾಮ್ರವಿದ್ದರೆ ಪಾತ್ರೆಯು ನವಿಲುಗೊರಳ ಬಣ್ಣವನ್ನು ತಳೆಯುತ್ತಿತ್ತು. ಲೇಪದ ಮೇಲೆ ಬರೆದ ಚಿತ್ರವು ತಿಕ್ಕಿ ತೊಳೆದಂತೆ ಸವೆಯುವುದು. ಅದರ ಅಡಿಯಲ್ಲಿ ಬರೆದದ್ದು ಪಾತ್ರೆ ಒಡೆದ ಮೇಲೂ ಚೂರಿನಲ್ಲಿ ಹಾಗೆಯೇ ಉಳಿಯುವುದು.

ಮುಂದೆ ಹದಿನಾಲ್ಕನೆಯ ಶತಮಾನದಲ್ಲಿ ಪಾರಸದ ಕಡೆಯಿಂದ ಹೋದ ನೀಲಿ ಬಣ್ಣದಿಂದಲೇ ಚೀನಾದ ಕುಂಬಾರರು ತಮ್ಮ ಲೋಕವಿಖ್ಯಾತ ನೀಲಿ-ಬಿಳಿ ಪಾತ್ರೆಗಳನ್ನು ಮಾಡಿದರು. ಕಲಿತವರೇ ಕಲಿಸಿದವರಿಗೆ ಹೀಗೆ ಒದಗಿದರು!

ಪಾರಸದ ಬಣ್ಣದ ಕೆಲಸವು ನಮ್ಮ ನಾಡಿಗೂ ಬಂದಿತು. ಗೀಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ ಗವಾನನು 1472ರಲ್ಲಿ ಬೀದರದಲ್ಲಿ ಕಟ್ಟಿಸಿದ ಮದರಸಾದ ಮುಖಭಾಗವು ಬಣ್ಣದ ಬಿಲ್ಲೆಗಳಿಂದ ಮಿರುಗುತ್ತಿತ್ತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮದ್ದು ಸಿಡಿದು ಕಟ್ಟಡದ ಬಹುಭಾಗವು ಕುಸಿಯಿತು. ಆದರೂ ಅಳಿದುಳಿದ ಬಿಲ್ಲೆಗಳ ನೀಲಿಯು ಬಿಸಿಲು ಮಳೆಗಳಿಗೆ ಅಂಜದೆ ಇಂದಿಗೂ ಕಾಣುತ್ತದೆ.

ಕಾಶಾನಿನ ಹದವು ನಮಗೆ ತಿಳಿದುದಾದರೂ ಹೇಗೆ? ಅಲ್ಲಿಯ ಕುಂಬಾರ ಮನೆತನದಲ್ಲಿ ಹುಟ್ಟಿದ ಅಬುಲ್ ಕಾಸಿಮನು ಆಸ್ಥಾನದ ಇತಿಹಾಸಕಾರನಾದರೂ ತನ್ನವರ ಕಸಬನ್ನು ಮರೆಯದೆ, 1301ರಲ್ಲಿ ಅದರ ಪಾಲು, ಪಾಕಗಳನ್ನು ಬರೆದಿಟ್ಟನು. ಕೈಯಲ್ಲಿರುವ ವಿದ್ಯೆಯು ಕೈಯೊಡನೆಯೇ ಹೋಗಬಹುದು; ಬರೆದಿಟ್ಟುದು ಲೇಪದಡಿಯ ಚಿತ್ರದಂತೆ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರು ಬಲ್ಲ ಹದಗಳೂ ಹಾಗೆ ಬರೆದಿಡಲು ಯೋಗ್ಯವಲ್ಲವೆ?