ತಿರುವಿನ ಭಾರ

ವಿಮಾನವು ಒಂದು ರೆಕ್ಕೆಯನ್ನು ತಗ್ಗಿಸಿ, ಇನ್ನೊಂದನ್ನೆತ್ತಿ ಬಾನಿನಲ್ಲಿ ತಿರುಗುವುದನ್ನು ಕಂಡವರು ಅದನ್ನೊಂದು ಬೆಡಗೆಂದು ಭಾವಿಸುವುದುಂಟು. ಗರುಡನ ಹಾರಾಟವನ್ನು ನೋಡಿ ಬೆಳೆದ ಕಣ್ಣುಗಳಿಗೆ ಹಾಗೆ ತೋರುವುದು ಸಹಜವೇ. ಆದರೆ ಅದು ಬೆಡಗಲ್ಲ, ಅನಿವಾರ್ಯ. ನೆಲದ ಬಂಡಿಗೆ ತಿರುಗಲು ರಸ್ತೆಯ ಆಸರೆಯುಂಟು, ಆಕಾಶದಲ್ಲಿ ಏನಿದೆ? ರೆಕ್ಕೆಗಳು ಗಾಳಿಯಿಂದ ಪಡೆಯುವ ಎತ್ತುಬಲವೊಂದೇ. ರೆಕ್ಕೆ ಓರೆಯಾದಾಗ ಆ ಬಲವೂ ಓರೆಯಾಗುತ್ತದೆ. ಅದರ ಒಂದಂಶ ವಿಮಾನವನ್ನು ತಿರುವಿನ ಕೇಂದ್ರದತ್ತ ಸೆಳೆದರೆ, ಉಳಿದಂಶ ತೂಕವನ್ನು ಹೊರುತ್ತದೆ. ದೋಣಿಯಂತೆ ವಿಮಾನವನ್ನೂ ಬಾಲದ ಚುಕ್ಕಾಣಿಯೇ ತಿರುಗಿಸುತ್ತದೆಂದು ಅನೇಕರು ನಂಬಿದ್ದಾರೆ. ಅದರ ಪಾತ್ರ ಕಿರಿದು.

ಒಂದೇ ಬಲ ಎರಡು ಕೆಲಸ ಮಾಡಬೇಕಾದರೆ ಅದು ಹೆಚ್ಚಲೇಬೇಕು. ಎತ್ತರ ಕಳೆದುಕೊಳ್ಳದೆ 30 ಡಿಗ್ರಿ ಓರೆಯಾಗಿ ತಿರುಗಲು ತೂಕದ 1.15 ಪಟ್ಟು ಎತ್ತುಬಲ ಸಾಕು. 60 ಡಿಗ್ರಿಗೆ ಸರಿಯಾಗಿ 2 ಪಟ್ಟು. 75ಕ್ಕೆ ಹೆಚ್ಚುಕಡಿಮೆ 4 ಪಟ್ಟು. ಮೊದಮೊದಲು ಮೆಲ್ಲಗೆ ಏರುವ ಲೆಕ್ಕ, ಕಡೆಗೆ ಮಳೆಗಾಲದ ಹೊಳೆಯಂತೆ ಉಕ್ಕುತ್ತದೆ. ನೇರ ಹಾರಾಟದಲ್ಲಿ ಗಂಟೆಗೆ 100 ಕಿಲೋಮೀಟರಿಗಿಂತ ನಿಧಾನವಾದರೆ ಆಧಾರ ತಪ್ಪುವ ವಿಮಾನಕ್ಕೆ 60 ಡಿಗ್ರಿಯ ತಿರುವಿನಲ್ಲಿ 141 ಕಿಲೋಮೀಟರಾದರೂ ಬೇಕು. ಇಳಿಯುವ ಮುನ್ನ, ನೆಲಕ್ಕೆ ಸಮೀಪದಲ್ಲಿ, ನಿಧಾನವಾಗಿ ಹಾರುತ್ತ ಅವಸರದಿಂದ ಕಡಿದಾಗಿ ತಿರುಗಿಸಹೋಗಿ ಪ್ರಾಣ ತೆತ್ತವರುಂಟು.

ಇನ್ನು ಒಳಗಿರುವವನ ಪಾಡು. ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸು ನಮ್ಮನ್ನು ಪಕ್ಕದವರ ಮೇಲೆ ಒರಗಿಸುತ್ತದೆ. ವಿಮಾನ ಹಾಗಲ್ಲ, ಸರಿಯಾಗಿ ಓರೆಯಾಗಿ ತಿರುಗಿದರೆ ಅದು ನಮ್ಮನ್ನು ಪಕ್ಕಕ್ಕೆ ತಳ್ಳದೆ ಆಸನಕ್ಕೇ ಒತ್ತುತ್ತದೆ. ಕಿಟಕಿಯಾಚೆ ದಿಗಂತ ವಾಲಿದ್ದರೂ ಲೋಟದ ನೀರು ಅಂಚಿಗೆ ಸಮವಾಗಿಯೇ ನಿಂತಿರುವುದನ್ನು ನಾನು ಬೆರಗಿನಿಂದ ನೋಡಿದ್ದೇನೆ. ಕಣ್ಣು ಮುಚ್ಚಿದವನಿಗೆ ತಿರುವೇ ತಿಳಿಯದು. ಮೋಡದೊಳಗೆ ಸಿಕ್ಕ ವೈಮಾನಿಕನು ಮೈಯ ಮಾತು ಬಿಟ್ಟು ಮಾಪಕಗಳನ್ನೇ ನಂಬಬೇಕಾದುದು ಇದರಿಂದಲೇ.

ಪ್ರಯಾಣಿಕರಿಗೆ ಈ ಒತ್ತಡ ಅಷ್ಟೇನೂ ಇಲ್ಲ. ಯುದ್ಧವಿಮಾನದಲ್ಲಿ ಅದು 8 ಪಟ್ಟಿಗೂ ಏರಬಲ್ಲದು. ಆಗ 5 ಕಿಲೋ ತೂಗುವ ತಲೆ 40 ಕಿಲೋ ಆಗುತ್ತದೆ. ಆದರೆ ಕತ್ತಿನ ನೋವಿಗಿಂತ ರಕ್ತದ ತೂಕವೇ ಭಯಂಕರ. ಹೃದಯದಿಂದ ಕಣ್ಣಿಗೆ ಸುಮಾರು ಒಂದು ಅಡಿ ಎತ್ತರ. ಹಲವು ಪಟ್ಟು ಭಾರವಾದ ರಕ್ತವನ್ನು ಅಷ್ಟು ಮೇಲೆತ್ತಲು ಹೃದಯಕ್ಕೆ ಶಕ್ತಿ ಸಾಲದು. ಕಣ್ಣುಗುಡ್ಡೆಗೆ ತನ್ನದೇ ಒಳಒತ್ತಡವಿರುವುದರಿಂದ ಮಿದುಳಿಗಿಂತ ಮೊದಲು ಅಲ್ಲಿಯೇ ರಕ್ತ ನಿಲ್ಲುತ್ತದೆ. ಬಣ್ಣಗಳು ಮಾಸುತ್ತವೆ, ಅಂಚಿನ ನೋಟ ಅಳಿಯುತ್ತದೆ, ಎಚ್ಚರವಿದ್ದಂತೆಯೇ ಕತ್ತಲು ಕವಿಯುತ್ತದೆ. ಅದರಾಚೆ ಮೂರ್ಛೆ. ಒತ್ತಡ ಹಠಾತ್ತನೆ ಏರಿದರೆ ಈ ಮುನ್ಸೂಚನೆಯೂ ದೊರೆಯದೆ ಎಚ್ಚರ ತಪ್ಪುವುದುಂಟು. ಅಷ್ಟರಲ್ಲಿ ವಿಮಾನ ಎಷ್ಟು ದೂರ ಸಾಗಿರುತ್ತದೆಂಬುದನ್ನು ಓದುಗರೇ ಊಹಿಸಬಹುದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾದ ವಿಲ್ಬರ್ ಫ್ರಾಂಕ್ಸ್ ಎಂಬ ವಿಜ್ಞಾನಿ ಇದಕ್ಕೆ ನೀರು ತುಂಬಿದ ಉಡುಪೊಂದನ್ನು ರೂಪಿಸಿದನು. ಇಂದಿನ ಉಡುಪುಗಳಲ್ಲಿ ಗಾಳಿಚೀಲಗಳು ಉಬ್ಬಿ, ತೊಡೆ ಹೊಟ್ಟೆಗಳನ್ನು ಬಿಗಿದು, ರಕ್ತ ಕೆಳಗಿಳಿಯದಂತೆ ತಡೆಯುತ್ತವೆ. ಜೊತೆಗೆ ವೈಮಾನಿಕನು ಸ್ನಾಯುಗಳನ್ನು ಬಿಗಿಹಿಡಿದು, ಮೂರು ಸೆಕೆಂಡಿಗೊಮ್ಮೆ ಚುಟುಕಾಗಿ ಉಸಿರಾಡಬೇಕು. ಉಡುಪಿಗಿಂತ ಈ ಅಭ್ಯಾಸವೇ ದೊಡ್ಡದೆಂದು ನನಗೆ ತೋರುತ್ತದೆ. 1957ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ವಾಯುಯಾನ ವೈದ್ಯಕೀಯ ಸಂಸ್ಥೆಯಲ್ಲಿ ಇದನ್ನು ನೆಲದ ಮೇಲೆಯೇ ಕಲಿಸಲು ಯಂತ್ರವಿದೆ: ಉದ್ದನೆಯ ತೋಳಿನ ತುದಿಯ ಗೂಡಿನಲ್ಲಿ ವೈಮಾನಿಕನನ್ನು ಕೂರಿಸಿ, ರಾಟವಾಳದಂತೆ ಗರಗರನೆ ತಿರುಗಿಸುತ್ತಾರೆ.