ಕನ್ನಡ ಲಿಪಿಯ ಮೂಡಿಕೆ ಮತ್ತು ಹಂಚಿಕೆಯ ಲೈಬ್ರರಿಗಳ ಜೋಡಣಾ ದೋಷಗಳು

‘ಕೊಪ್ಪ’ ಎಂಬ ಊರಿನ ಹೆಸರು ಓದುಗನ ಕಣ್ಣಿಗೆ ಎರಡೇ ಅಕ್ಷರ. ಯುನಿಕೋಡ್ ಕಡತದಲ್ಲಿ ಅದು ಐದು ಸಂಕೇತಗಳ ಸಾಲು: ಕ, ಒತ್ವ, ಪ, ವಿರಾಮ, ಮತ್ತೊಂದು ಪ. ಕೊನೆಯ ಪಕಾರವನ್ನು ಒತ್ತಕ್ಷರವಾಗಿಸುವ ಕೆಲಸ ಕಡತದ್ದಲ್ಲ. ಲಿನಕ್ಸ್ ವ್ಯವಸ್ಥೆಯಲ್ಲಿ ಅದನ್ನು ಸಾಮಾನ್ಯವಾಗಿ ಹಾರ್ಫ್‌ಬಜ್ ಎಂಬ ಲೈಬ್ರರಿಯು ಫಾಂಟಿನೊಳಗಿನ ನಿಯಮಗಳನ್ನು ಓದಿ ನೆರವೇರಿಸುತ್ತದೆ. ಆಕಾರವನ್ನು ಬಿಡಿಸುವುದು ಫ್ರೀಟೈಪ್. ಲೈಬ್ರರಿ ಎಂದರೆ ಇಲ್ಲಿ ಗ್ರಂಥಾಲಯವಲ್ಲ, ಹಲವು ತಂತ್ರಾಂಶಗಳು ಒಂದೇ ಪ್ರತಿಯಿಂದ ಎರವಲು ಪಡೆಯುವ ಸಿದ್ಧ ಕಾರ್ಯಗಳ ಸಂಗ್ರಹ. ಹೋಲಿಕೆ ಅಷ್ಟೇನೂ ದೂರದ್ದಲ್ಲ. 1988ರ ಸನ್‌ಓಎಸ್ 4.0ರಲ್ಲಿಯೂ ಕಂಡ ಈ ಪದ್ಧತಿ ಸ್ಮೃತಿಯನ್ನು ಉಳಿಸುತ್ತದೆ. ಎರವಲು ಸಿಗದಿದ್ದರೆ ತಂತ್ರಾಂಶವೇ ನಿಲ್ಲುವುದು ಅದರ ಬೆಲೆ.

ದೋಷವನ್ನು ಅರಿಯಲು ಮೊದಲು ನೋಡಬೇಕಾದದ್ದು ಅದು ಹುಟ್ಟಿದ ಹಂತ. ತಂತ್ರಾಂಶವನ್ನು ಕಟ್ಟುವಾಗ ಲಿಂಕರ್ ‘ಲಿಬ್‌ಹಾರ್ಫ್‌ಬಜ್.ಎಸ್‌ಓ’ ಎಂಬ ಸಂಖ್ಯೆಯಿಲ್ಲದ ಹೆಸರನ್ನು ಹುಡುಕುತ್ತದೆ. ಚಾಲನೆಯ ಹೊತ್ತಿನಲ್ಲಿ ಲೋಡರ್ ‘ಲಿಬ್‌ಹಾರ್ಫ್‌ಬಜ್.ಎಸ್‌ಓ.0’ ಎಂಬುದನ್ನು ಹುಡುಕುತ್ತದೆ. ಈ ಎರಡು ಹುಡುಕಾಟಗಳ ದಾರಿ ಬೇರೆ. ಕಟ್ಟುವಾಗ ತೋರಿಸಿದ ಕಡತಕೋಶವನ್ನು ಲೋಡರ್ ತಾನಾಗಿ ಅರಿಯದು. ಹೊಸದಾಗಿ ಸ್ಥಾಪಿಸಿದ ಲೈಬ್ರರಿ ‘ಯುಎಸ್‌ಆರ್/ಲೋಕಲ್/ಲಿಬ್’ನಲ್ಲಿ ಕಣ್ಣೆದುರೇ ಇದ್ದರೂ ‘ಹಂಚಿಕೆಯ ಕಡತವನ್ನು ತೆರೆಯಲಾಗಲಿಲ್ಲ’ ಎಂಬ ಸಂದೇಶ ಬರುವುದು ಹೆಚ್ಚಾಗಿ ಇದರಿಂದಲೇ. ಆ ಕೋಶವನ್ನು ಲೋಡರಿನ ಪಟ್ಟಿಗೆ ಸೇರಿಸಿ ‘ಎಲ್‌ಡಿಕಾನ್ಫಿಗ್’ ಆಜ್ಞೆಯನ್ನು ನಡೆಸಿದರೆ ಸಾಕು.

ಹಿಂದೆ ಎಡೇಹಳ್ಳಿಯೆನಿಸಿದ್ದ ಊರು ಮೈಸೂರು ಯುವರಾಜರ ಹೆಸರಿನಿಂದ ನರಸಿಂಹರಾಜಪುರವಾಯಿತು. ಜನರ ಬಾಯಲ್ಲಿ ಅದು ಎನ್.ಆರ್.ಪುರ. ಯಾವ ಹೆಸರು ಹೇಳಿದರೂ ಬಸ್ಸು ಅಲ್ಲಿಗೇ ಒಯ್ಯುತ್ತದೆ. ಗಣಕಕ್ಕೆ ಅಂಥ ಲೋಕಜ್ಞಾನವಿಲ್ಲ. ಒಂದು ಹೆಸರಿನಿಂದ ಇನ್ನೊಂದಕ್ಕೆ ಕೊಂಡಿಯನ್ನು ಬರೆದಿಡಬೇಕು. ಆದರೆ ಹಳೆಯ ಆವೃತ್ತಿಗೆ ಹೊಸದರ ಹೆಸರಿನ ಕೊಂಡಿ ಹಾಕುವ ರೂಢಿ ಅಪಾಯಕರ. ಲೋಡರ್ ಸುಮ್ಮನಾಗುತ್ತದೆ, ತಪ್ಪು ಒಳಗೇ ಉಳಿಯುತ್ತದೆ.

ಕಡತ ಸಿಕ್ಕರೂ ಕಾರ್ಯ ಸಿಗದಿರುವುದುಂಟು. ತಂತ್ರಾಂಶವೊಂದು ತನ್ನೊಡನೆ ಹಳೆಯ ಫ್ರೀಟೈಪನ್ನು ಹೊತ್ತು ತಂದು, ವ್ಯವಸ್ಥೆಯ ಹೊಸ ಹಾರ್ಫ್‌ಬಜ್ ಅದನ್ನೇ ಆಶ್ರಯಿಸಬೇಕಾದಾಗ ‘ಎಫ್‌ಟಿ_ಗೆಟ್_ವಾರ್_ಬ್ಲೆಂಡ್_ಕೋಆರ್ಡಿನೇಟ್ಸ್’ ಎಂಬ ಕಾರ್ಯ ಇಲ್ಲವೆಂಬ ದೂರು ಕಾಣುತ್ತದೆ. ಆ ಕಾರ್ಯ ಫ್ರೀಟೈಪಿಗೆ ಸೇರಿದ್ದು 2016ರ 2.7.1ನೆಯ ಆವೃತ್ತಿಯಲ್ಲಿ. ಹಾರ್ಫ್‌ಬಜ್ ಹೆಸರೇ ಸಂದೇಶದಲ್ಲಿ ಕಂಡರೂ ದೋಷ ಅದರದ್ದಲ್ಲ. ‘ಎಲ್‌ಡಿಡಿ’ ಆಜ್ಞೆಯು ಯಾವ ಫ್ರೀಟೈಪ್ ಎಲ್ಲಿಂದ ಬಂದಿತೆಂದು ತೋರಿಸುತ್ತದೆ. ಹಳೆಯ ಪ್ರತಿಯನ್ನು ಬದಿಗಿಟ್ಟರೆ ವ್ಯವಸ್ಥೆಯ ಪ್ರತಿ ಬಳಕೆಗೆ ಬರುತ್ತದೆ. ನಂಬಿಕೆಯಿಲ್ಲದ ತಂತ್ರಾಂಶದ ಮೇಲೆ ಮಾತ್ರ ಆ ಆಜ್ಞೆಯನ್ನು ನಡೆಸಬಾರದು. ಕೆಲವೊಮ್ಮೆ ಅದು ತಂತ್ರಾಂಶವನ್ನೇ ಚಾಲನೆಗೊಳಿಸೀತು.

ಇವೆಲ್ಲ ಕೂಗಿ ಹೇಳುವ ದೋಷಗಳು. ಸಂಶೋಧಕನಿಗೆ ಹೆಚ್ಚು ಹಾನಿ ಮಾಡುವುದು ಮೌನವಾಗಿರುವ ದೋಷ. ಕನ್ನಡ ಅಕ್ಷರ ಗುರುತಿಸುವಿಕೆಯ ತರಬೇತಿಗೆ ಚಿತ್ರಗಳನ್ನು ಸಿದ್ಧಪಡಿಸಲು ಪೈಥಾನ್ ಭಾಷೆಯ ಪಿಲ್ಲೋ ಸಂಗ್ರಹವನ್ನು ಬಳಸುವುದುಂಟು. 2017ರಿಂದ ಅದು ಸಂಕೀರ್ಣ ಲಿಪಿಗಳಿಗಾಗಿ ರಾಕಮ್ ಎಂಬ ಲೈಬ್ರರಿಯನ್ನು ಆಶ್ರಯಿಸಬಲ್ಲದು. ರಾಕಮ್ ಹಾರ್ಫ್‌ಬಜ್‌ನೊಂದಿಗೆ ಫ್ರಿಬಿಡಿಯನ್ನೂ ಬಯಸುತ್ತದೆ. ಹಲವು ಸ್ಥಾಪನೆಗಳಲ್ಲಿ ಫ್ರಿಬಿಡಿಯನ್ನು ಆರಂಭದಲ್ಲಿ ಜೋಡಿಸದೆ, ಚಾಲನೆಯ ನಡುವೆ ಹುಡುಕಲಾಗುತ್ತದೆ. ಆದುದರಿಂದ ‘ಎಲ್‌ಡಿಡಿ’ಯ ಪಟ್ಟಿಯಲ್ಲಿ ಅದರ ಸುಳಿವೇ ಇರದು. ಸಿಗದಿದ್ದರೆ ಪಿಲ್ಲೋ ನಿಲ್ಲುವುದಿಲ್ಲ; ಪೂರ್ವನಿಗದಿಯ ಬಳಕೆಯಲ್ಲಿ ಸದ್ದಿಲ್ಲದೆ ಸರಳ ಜೋಡಣೆಗೆ ಇಳಿದು ಐದು ಸಂಕೇತಗಳನ್ನು ಒಂದರ ಪಕ್ಕದಲ್ಲಿ ಒಂದಾಗಿ ಬಿಡಿಸುತ್ತದೆ. ಒತ್ತಿಲ್ಲದ ‘ಕೊಪ್ಪ’ದ ಸಾವಿರಾರು ಚಿತ್ರಗಳಿಂದ ಯಂತ್ರ ಕಲಿತರೆ, ಅಚ್ಚಾದ ಪುಸ್ತಕದ ಒತ್ತಕ್ಷರದ ಮುಂದೆ ಅದು ಸೋಲುತ್ತದೆ, ಅಪವಾದ ಮಾತ್ರ ಕನ್ನಡ ಲಿಪಿಯ ಕ್ಲಿಷ್ಟತೆಯ ಮೇಲೆ ಬೀಳುತ್ತದೆ. ಪಿಲ್ಲೋದ ‘ಫೀಚರ್ಸ್’ ವಿಭಾಗದಲ್ಲಿ ‘ರಾಕಮ್’ ಇದೆಯೇ ಎಂದು ಕೇಳಿದರೆ ಉತ್ತರ ಒಂದೇ ಸಾಲಿನಲ್ಲಿ ದೊರೆಯುತ್ತದೆ. ಇಲ್ಲವೆಂದಾದರೆ ಫ್ರಿಬಿಡಿಯನ್ನು ಸ್ಥಾಪಿಸಿ, ಒಂದೆರಡು ಚಿತ್ರಗಳನ್ನು ಕಣ್ಣಾರೆ ನೋಡಿದ ಬಳಿಕವೇ ಉಳಿದವನ್ನು ತಯಾರಿಸಬೇಕು.