ಗಾಡಿ ಸೆಲ್ಫ್ ತಗೊಳವಲ್ದು ಅಂತ ಬ್ಯಾಟರಿ ಬದಲಿಸಬ್ಯಾಡ್ರಿ. ಮೊದಲು ವೈರ್ ನೋಡ್ರಿ

ವಿಜಯಪುರ: ದ್ರಾಕ್ಷಿ ಸುಗ್ಗಿ ಚಾಲೂ ಆಯಿತೆಂದರೆ ತಿಕೋಟಾ, ಬಬಲೇಶ್ವರ ಭಾಗದ ಗಾಡಿಗಳಿಗೆ ಬಿಡುವಿಲ್ಲ. ತೋಟದಿಂದ ಹಸಿ ದ್ರಾಕ್ಷಿ, ಶೆಡ್‌ನಿಂದ ಒಣದ್ರಾಕ್ಷಿ ಹೊರಬೇಕು. ವಾಪಸ್ ಬರುವಾಗ ವಿಜಯಪುರದಿಂದ ಹಳ್ಳಿ ಅಂಗಡಿಗಳಿಗೆ ಕಿರಾಣಿ, ಗೊಬ್ಬರ, ಸಿಮೆಂಟ್ ತರಬೇಕು. ಈ ಓಡಾಟದಲ್ಲಿ ಹದಿನೈದು-ಇಪ್ಪತ್ತು ವರ್ಷದ ಹಳೇ 407, ಹಳೇ ಲಾರಿಗಳೂ ದುಡಿಯುತ್ತಿವೆ. ಎಂಜಿನ್ ಗಟ್ಟಿ ಇರುತ್ತದೆ. ಕೈ ಕೊಡುವುದು ಬಹಳ ಸಲ ಕರೆಂಟ್ ಕೆಲಸ.

ಚಾವಿ ತಿರುವಿದಾಗ ಗಾಡಿ 'ಟಕ್' ಅಂದು ಸುಮ್ಮನಾದರೆ ಮಾಲೀಕರ ಮೊದಲ ಮಾತು 'ಬ್ಯಾಟ್ರಿ ಹೋಗ್ಯದ' ಅಂತಲೇ. ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ತರುತ್ತಾರೆ. ನಾಲ್ಕು ದಿನ ಚೆನ್ನಾಗಿ ಓಡಿ ಮತ್ತೆ ಅದೇ 'ಟಕ್'. ಆಮೇಲೆ ಸೆಲ್ಫ್ ಬಿಚ್ಚಿಸುತ್ತಾರೆ, ನಂತರ ಡೈನಮೋ. ಕೊನೆಗೆ ಯಾರೋ ವೈರಿಂಗ್ ಮಿಸ್ತ್ರಿ ಚಾಸಿಗೆ ಕಟ್ಟಿದ ಅರ್ಥಿಂಗ್ ಬೋಲ್ಟ್ ಬಿಚ್ಚಿ, ತುಕ್ಕು ಕೆರೆದು ಬಿಗಿ ಮಾಡುತ್ತಾನೆ. ಗಾಡಿ ಒಂದೇ ಏಟಿಗೆ ಚಾಲೂ! ಅಷ್ಟೊತ್ತಿಗೆ ದುಡ್ಡೂ ಹೋಗಿರುತ್ತದೆ, ಬಾಡಿಗೆಯೂ ತಪ್ಪಿರುತ್ತದೆ.

ಇದನ್ನು ತಪ್ಪಿಸಲು ದೊಡ್ಡ ವಿದ್ಯೆ ಬೇಕಿಲ್ಲ. ಕೆಲವೇ ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಮತ್ತು ಅದನ್ನು ಎಲ್ಲಿ ಹಿಡಿಯಬೇಕು ಎಂಬ ತಿಳಿವಳಿಕೆ ಇದ್ದರೆ ಸಾಕು.

ಮೂರು ಸಾಮಾನು, ಒಂದೇ ಸುತ್ತು

ಬ್ಯಾಟರಿ ಕರೆಂಟ್ ಕೂಡಿಡುತ್ತದೆ. ಸೆಲ್ಫ್ ಮೋಟಾರ್ ಆ ಕರೆಂಟ್‌ನಿಂದ ಎಂಜಿನ್ ತಿರುಗಿಸುತ್ತದೆ. ಎಂಜಿನ್ ಓಡತೊಡಗಿದ ಮೇಲೆ ಬೆಲ್ಟ್‌ನಿಂದ ತಿರುಗುವ ಆಲ್ಟರ್ನೇಟರ್ ಖರ್ಚಾದದ್ದನ್ನು ಬ್ಯಾಟರಿಗೆ ತುಂಬುತ್ತದೆ. ನಮ್ಮ ಕಡೆ ಎಲ್ಲರೂ ಇದಕ್ಕೆ ಈಗಲೂ 'ಡೈನಮೋ' ಅಂತಲೇ ಅನ್ನುತ್ತಾರೆ.

ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟ್ ದಪ್ಪ ಕೇಬಲ್ ಮೂಲಕ ಸೆಲ್ಫ್‌ಗೆ ಹೋಗುತ್ತದೆ. ವಾಪಸ್ ಬರಲು ಬೇರೆ ಕೇಬಲ್ ಇರುವುದಿಲ್ಲ. ಸೆಲ್ಫ್‌ನ ಬಾಡಿ, ಎಂಜಿನ್, ಚಾಸಿ, ಅಲ್ಲಿಂದ ಅರ್ಥಿಂಗ್ ಪಟ್ಟಿಯ ಮೂಲಕ ಮೈನಸ್‌ಗೆ ಸೇರುತ್ತದೆ. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ, ಬರುವ ದಾರಿಯನ್ನು ಮರೆತುಬಿಡುತ್ತಾರೆ.

407 ರೀತಿಯ ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ. ದೊಡ್ಡ ಲಾರಿಗಳಲ್ಲಿ 12 ವೋಲ್ಟ್‌ನ ಎರಡು ಬ್ಯಾಟರಿ ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಕೆಳಗಿನ ಲೆಕ್ಕವೆಲ್ಲ 12 ವೋಲ್ಟ್‌ನದು. 24 ವೋಲ್ಟ್ ಗಾಡಿಗೆ ಸುಮಾರು ಎರಡರಷ್ಟು ಹಿಡಿಯಬೇಕು.

ಡ್ರಿಪ್ ಲೈನ್ ಲೆಕ್ಕ

ದ್ರಾಕ್ಷಿ ತೋಟದವರಿಗೆ ಇದು ಬೇಗ ತಿಳಿಯುತ್ತದೆ. ವೋಲ್ಟ್ ಅಂದರೆ ಪೈಪಿನೊಳಗಿನ ಪ್ರೆಶರ್, ಆಂಪಿಯರ್ ಅಂದರೆ ಹರಿಯುವ ನೀರು. ಡ್ರಿಪ್ ಫಿಲ್ಟರ್ ಕಟ್ಟಿಕೊಂಡಿದ್ದರೂ ವಾಲ್ವ್ ಬಂದ್ ಇದ್ದಾಗ ಎರಡೂ ಕಡೆ ಪ್ರೆಶರ್ ಒಂದೇ ತೋರಿಸುತ್ತದೆ. ವಾಲ್ವ್ ತೆರೆದು ನೀರು ಹರಿದಾಗಲೇ ಫಿಲ್ಟರ್ ಆಚೆ ಪ್ರೆಶರ್ ಬೀಳುವುದು ಕಾಣುತ್ತದೆ.

ಲಾರಿಯಲ್ಲೂ ಹಾಗೆಯೇ. ಸೆಲ್ಫ್ ಹೊಡೆಯುವಾಗ ನೂರಾರು ಆಂಪಿಯರ್ ಹರಿಯುತ್ತದೆ. ತುಕ್ಕು ಹಿಡಿದ ಒಂದು ಜಾಯಿಂಟ್‌ನಲ್ಲಿ ಬರೀ 0.01 ಓಮ್ ತಡೆ ಇದೆ ಅಂದುಕೊಳ್ಳಿ. 300 ಆಂಪಿಯರ್ ಹರಿದರೆ ಅಲ್ಲೇ 3 ವೋಲ್ಟ್ ಮಾಯ. ಉಳಿದದ್ದರಲ್ಲಿ ಸೆಲ್ಫ್ ಎಂಜಿನ್ ತಿರುಗಿಸಲಾರದು. ಅದೇ ಜಾಯಿಂಟ್ ಮೂಲಕ ಸಣ್ಣ ಬಲ್ಬ್ ಮಾತ್ರ ಚೆನ್ನಾಗಿ ಉರಿಯುತ್ತದೆ, ಯಾಕಂದರೆ ಅದಕ್ಕೆ ಬೇಕಾಗುವುದು ಒಂದೆರಡು ಆಂಪಿಯರ್. 'ಲೈಟ್ ಬರ್ತದ, ಅಂದ್ರ ವೈರ್ ಸರಿ ಅದ' ಎಂಬ ಮಾತು ತಪ್ಪುವುದು ಇಲ್ಲೇ. ಗಾಡಿ ಸುಮ್ಮನೆ ನಿಂತಾಗ ಅಳೆದರೆ ಈ ರೋಗ ಸಿಗದು, ಸೆಲ್ಫ್ ಹೊಡೆಯುತ್ತಿರುವಾಗಲೇ ಅಳೆಯಬೇಕು.

ಮೊದಲು ಕಿವಿಗೊಡಿ

ಮೀಟರ್ ಹಿಡಿಯುವ ಮುಂಚೆ ಸದ್ದು ಕೇಳಿ. ಹೆಡ್‌ಲೈಟ್ ಹಾಕಿ, ಒಬ್ಬರು ಚಾವಿ ತಿರುವಲಿ.

ಏನೂ ಸದ್ದಿಲ್ಲ, ಲೈಟ್ ಪ್ರಖರ: ದಪ್ಪ ಕೇಬಲ್‌ಗಿಂತ ಮೊದಲು ಸಣ್ಣ ವೈರ್ ನೋಡಿ. ಚಾವಿ ಸ್ವಿಚ್, ರಿಲೇ, ಸೊಲೆನಾಯ್ಡ್‌ಗೆ ಹೋಗುವ ತೆಳು ವೈರ್, ಅದರ ಲಗ್.

ಒಂದೇ 'ಟಕ್', ಲೈಟ್ ಹಾಗೇ ಇದೆ: ಸೊಲೆನಾಯ್ಡ್ ಎಳೆಯುತ್ತಿದೆ, ಆದರೆ ಮೋಟಾರ್‌ಗೆ ಕರೆಂಟ್ ದಾಟುತ್ತಿಲ್ಲ. ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು, ಕಾರ್ಬನ್ ಬ್ರಷ್ ಸವೆದಿರಬಹುದು, ಇಲ್ಲವೇ ಕೇಬಲ್ ಅಥವಾ ಅರ್ಥಿಂಗ್ ಸಡಿಲ.

'ಟಕ-ಟಕ-ಟಕ', ಲೈಟ್ ಮಿನುಗುತ್ತದೆ: ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಹಿಡಿತ ಕೆಟ್ಟಿದೆ. ಸೊಲೆನಾಯ್ಡ್ ಎಳೆದ ಕೂಡಲೇ ವೋಲ್ಟೇಜ್ ಬೀಳುತ್ತದೆ, ಅದು ಬಿಟ್ಟುಬಿಡುತ್ತದೆ, ಮತ್ತೆ ಎಳೆಯುತ್ತದೆ.

'ಘರ್ರ್' ಅಂತ ಸೆಲ್ಫ್ ತಿರುಗುತ್ತದೆ, ಎಂಜಿನ್ ತಿರುಗದು: ಇದು ವೈರಿಂಗ್ ದೋಷವಲ್ಲ. ಬೆಂಡಿಕ್ಸ್ ಅಥವಾ ಫ್ಲೈವೀಲ್ ರಿಂಗ್ ಹಲ್ಲು ನೋಡಿಸಬೇಕು.

ಮೀಟರ್ ಎಲ್ಲಿ ಹಿಡಿಯಬೇಕು

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದು ಗಾಲಿಗೆ ಕಲ್ಲು ಇಡಿ. ಮೀಟರ್ ಡಿಸಿ 20 ವೋಲ್ಟ್‌ಗೆ (24 ವೋಲ್ಟ್ ಗಾಡಿಯಾದರೆ 200ಕ್ಕೆ) ತಿರುವಿ.

ಮೊದಲು ಬ್ಯಾಟರಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಬಂದರೆ ಫುಲ್ ಚಾರ್ಜ್. 12.2 ಬಂದರೆ ಸುಮಾರು ಅರ್ಧ. 12ರ ಕೆಳಗೆ ಬಂದರೆ ಮೊದಲು ಚಾರ್ಜ್ ಹಾಕಿಸಿ, ನಂತರವೇ ಮುಂದಿನ ಪರೀಕ್ಷೆ. ಇಳಿದ ಬ್ಯಾಟರಿ ಇಟ್ಟುಕೊಂಡು ಮಾಡಿದ ಯಾವ ಪರೀಕ್ಷೆಯನ್ನೂ ನಂಬುವಂತಿಲ್ಲ.

ಈಗ ಎಂಜಿನ್ ಚಾಲೂ ಆಗದಂತೆ ಸ್ಟಾಪ್ ವೈರ್ ಎಳೆದು ಹಿಡಿದು, ಒಬ್ಬರು ಸೆಲ್ಫ್ ಹೊಡೆಯಲಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ನಡುವೆ ಒಂದು ನಿಮಿಷ ಬಿಡಿ, ಇಲ್ಲವಾದರೆ ಸೆಲ್ಫ್ ಬಿಸಿಯಾಗಿ ಸುಡುತ್ತದೆ. ಆಗ ಮೂರು ಅಳತೆ ತೆಗೆಯಿರಿ.

ಒಂದನೆಯದು, ಬ್ಯಾಟರಿಯ ಎರಡು ಕಂಬಗಳ ನಡುವೆ. 9.6 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಬಹುದು.

ಎರಡನೆಯದು, ಕೆಂಪು ವೈರ್ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಕಪ್ಪು ವೈರ್ ಸೆಲ್ಫ್‌ನ ದಪ್ಪ ಕೇಬಲ್ ಬೋಲ್ಟ್‌ಗೆ. ಕ್ಲ್ಯಾಂಪ್ ಮೇಲೆ ಅಲ್ಲ, ಸೀಸದ ಕಂಬದ ಮೇಲೆಯೇ ಹಿಡಿಯಬೇಕು. 0.5 ವೋಲ್ಟ್ ಒಳಗೆ ಬರಬೇಕು. ಹೆಚ್ಚು ಬಂದರೆ ಪ್ಲಸ್ ಕೇಬಲ್ ಅಥವಾ ಅದರ ಜಾಯಿಂಟ್ ಕೆಟ್ಟಿದೆ.

ಮೂರನೆಯದು, ಒಂದು ವೈರ್ ಮೈನಸ್ ಕಂಬಕ್ಕೆ, ಇನ್ನೊಂದು ಸೆಲ್ಫ್‌ನ ಬಾಡಿಗೆ. ಇಲ್ಲಿ 0.3 ವೋಲ್ಟ್ ಒಳಗೆ ಇರಬೇಕು. ಹೆಚ್ಚಿದ್ದರೆ ಅರ್ಥಿಂಗ್ ದೋಷ. ಬ್ಯಾಟರಿ ಕಟಾಫ್ ಸ್ವಿಚ್ ಇರುವ ಗಾಡಿಯಲ್ಲಿ ಆ ಸ್ವಿಚ್‌ನ ಎರಡೂ ಬದಿ ಅಳೆದು ನೋಡಿ, ಒಳಗೆ ಸುಟ್ಟಿರುತ್ತದೆ.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಆದ್ದರಿಂದ ಎಂಜಿನ್ನಿಂದ ಚಾಸಿಗೆ ಒಂದು ಅರ್ಥಿಂಗ್ ಪಟ್ಟಿ ಬೇಕೇಬೇಕು. ಎಂಜಿನ್ ಇಳಿಸಿ ಏರಿಸುವಾಗ ಇದನ್ನು ಮತ್ತೆ ಕಟ್ಟುವುದು ಮರೆತರೆ ಕರೆಂಟ್ ಆಕ್ಸಿಲರೇಟರ್ ಕೇಬಲ್ ಮೂಲಕವೋ ಬೇರೆ ತೆಳು ತಂತಿ ಮೂಲಕವೋ ದಾರಿ ಹುಡುಕುತ್ತದೆ. ಸೆಲ್ಫ್ ಹೊಡೆದ ಮೇಲೆ ಅಂಥ ಕೇಬಲ್ ಕೈಗೆ ಬಿಸಿ ತಾಗಿದರೆ ರೋಗ ಸಿಕ್ಕಿತು ಅಂತ ಲೆಕ್ಕ.

ದೋಷ ಸಿಕ್ಕ ಕಡೆ ಬೋಲ್ಟ್ ಬಿಚ್ಚಿ, ಪೇಂಟ್ ಮತ್ತು ತುಕ್ಕು ಕೆರೆದು, ಹೊಳೆಯುವ ಲೋಹ ಕಂಡ ಮೇಲೆ ಬಿಗಿ ಮಾಡಿ ಗ್ರೀಸ್ ಹಚ್ಚಬೇಕು. ಕೇಬಲ್ ಬದಲಿಸುವುದಾದರೆ ಮೊದಲಿದ್ದಷ್ಟೇ ದಪ್ಪದ ತಾಮ್ರದ್ದೇ ಹಾಕಿಸಿ. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಸೆಲ್ಫ್ ಕೇಬಲ್‌ಗೆ ನಡೆಯದು, ಒತ್ತಿ ಕೂರಿಸಿದ ಲಗ್ ಬೇಕು.

ಚಾರ್ಜ್ ಆಗವಲ್ದು ಅಂದರೆ

ಸೆಲ್ಫ್ ಸರಿ ಇದ್ದು ಬ್ಯಾಟರಿ ಪದೇಪದೇ ಇಳಿಯುತ್ತಿದ್ದರೆ ಚಾರ್ಜಿಂಗ್ ನೋಡಬೇಕು. ಎಂಜಿನ್ ಓಡುವಾಗ, ಸ್ವಲ್ಪ ರೇಸ್ ಕೊಟ್ಟು, ಬ್ಯಾಟರಿ ಕಂಬಗಳ ಮೇಲೆ 13.8ರಿಂದ 14.4 ವೋಲ್ಟ್ ಬರಬೇಕು. ಹೆಡ್‌ಲೈಟ್ ಹಾಕಿದರೂ 13.5ರ ಕೆಳಗೆ ಇಳಿಯಬಾರದು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ ಎಂದರ್ಥ. ಬ್ಯಾಟರಿ ನೀರು ಕುದ್ದು ಆರುತ್ತದೆ, ಬಲ್ಬ್‌ಗಳು ಒಂದರ ಹಿಂದೆ ಒಂದು ಸುಡುತ್ತವೆ.

ಕಡಿಮೆ ಬಂದರೆ ಮೊದಲು ಬೆಲ್ಟ್. ಸಡಿಲ ಬೆಲ್ಟ್ ಜಾರುತ್ತದೆ, ಕಿರುಚುತ್ತದೆ. ನಂತರ ಡ್ಯಾಶ್‌ಬೋರ್ಡ್‌ನ ಚಾರ್ಜಿಂಗ್ ಲ್ಯಾಂಪ್. ಚಾವಿ ತಿರುವಿದಾಗ ಉರಿದು ಎಂಜಿನ್ ಚಾಲೂ ಆದ ಮೇಲೆ ಆರಬೇಕು. ಚಾವಿ ತಿರುವಿದಾಗ ಉರಿಯದೇ ಇದ್ದರೆ 'ಬಲ್ಬ್ ಹೋಗಿದೆ, ಇರಲಿ ಬಿಡು' ಅನ್ನುವಂತಿಲ್ಲ. ಎಷ್ಟೋ ಹಳೇ ಗಾಡಿಗಳಲ್ಲಿ ಆ ಪುಟ್ಟ ಬಲ್ಬ್ ಮೂಲಕ ಹೋಗುವ ಕರೆಂಟ್‌ನಿಂದಲೇ ಆಲ್ಟರ್ನೇಟರ್ ಕೆಲಸ ಶುರು ಮಾಡುತ್ತದೆ. ಬಲ್ಬ್ ಹೋದರೆ ಚಾರ್ಜಿಂಗೂ ಹೋಗಬಹುದು.

ಇನ್ನು ವೈರ್. ಆಲ್ಟರ್ನೇಟರ್‌ನ ದಪ್ಪ ಬೋಲ್ಟ್ ಮೇಲೆ 14.4 ಇದ್ದು ಬ್ಯಾಟರಿಯಲ್ಲಿ 13.2 ಬಂದರೆ ಆಲ್ಟರ್ನೇಟರ್ ತಪ್ಪಿಲ್ಲ, ನಡುವಿನ ವೈರ್‌ನದು. ಎರಡೂ ಕಡೆ ಕಡಿಮೆ ಇದ್ದರೆ ಮಾತ್ರ ಬ್ರಷ್, ರೆಗ್ಯುಲೇಟರ್, ಡಯೋಡ್ ನೋಡಲು ಬಿಚ್ಚಿಸಿ.

ನಿಂತಲ್ಲೇ ಇಳಿಯುವ ಬ್ಯಾಟರಿ

ಓಡುವಾಗ ಚಾರ್ಜ್ ಸರಿ, ಎರಡು ದಿನ ನಿಲ್ಲಿಸಿದರೆ ಗಾಡಿ ಚಾಲೂ ಇಲ್ಲ. ಇದು ಸೋರಿಕೆ. ಎಲ್ಲ ಸ್ವಿಚ್ ಬಂದ್ ಮಾಡಿ ಮೈನಸ್ ಕೇಬಲ್ ಬಿಚ್ಚಿ, ಮೀಟರನ್ನು 10 ಆಂಪಿಯರ್‌ಗೆ ಹಾಕಿ, ಕಂಬ ಮತ್ತು ಕೇಬಲ್ ನಡುವೆ ಹಿಡಿಯಿರಿ. ಹಳೇ ಲಾರಿಯಲ್ಲಿ ಸೊನ್ನೆಯ ಹತ್ತಿರ ಇರಬೇಕು. 1 ಆಂಪಿಯರ್ ಸೋರಿದರೂ 12 ತಾಸಿಗೆ 12 ಆಂಪಿಯರ್-ತಾಸು ಖಾಲಿ. ಎರಡು ಹಗಲು ಎರಡು ರಾತ್ರಿ ನಿಂತರೆ 48, ಅಂದರೆ 100ರ ಬ್ಯಾಟರಿ ಅರ್ಧ ಮುಗಿಯಿತು. ಒಂದೊಂದೇ ಫ್ಯೂಸ್ ತೆಗೆಯುತ್ತ ಹೋಗಿ, ಯಾವುದಕ್ಕೆ ಮೀಟರ್ ಇಳಿಯುತ್ತದೋ ಆ ಲೈನ್‌ನಲ್ಲಿ ದೋಷ. ಎಲ್ಲ ತೆಗೆದರೂ ಇಳಿಯದಿದ್ದರೆ ಆಲ್ಟರ್ನೇಟರ್ ಡಯೋಡ್ ಮೇಲೆ ಅನುಮಾನ. ಮೀಟರ್ ಹೀಗೆ ಹಿಡಿದಾಗ ಮಾತ್ರ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಡುತ್ತದೆ.

24 ವೋಲ್ಟ್ ಲಾರಿಗಳಲ್ಲಿ ಇನ್ನೊಂದು ಚಾಳಿ ಇದೆ. ಟೇಪ್, ಡೆಕೊರೇಶನ್ ಲೈಟ್‌ಗೆ 12 ವೋಲ್ಟ್ ಬೇಕೆಂದು ಒಂದೇ ಬ್ಯಾಟರಿಯಿಂದ ವೈರ್ ಎಳೆಯುತ್ತಾರೆ. ಆ ಬ್ಯಾಟರಿ ಇಳಿಯುತ್ತಲೇ ಹೋಗುತ್ತದೆ, ಪಕ್ಕದ್ದು ಓವರ್‌ಚಾರ್ಜ್ ಆಗುತ್ತದೆ. ಎರಡೂ ಬೇಗ ಸಾಯುತ್ತವೆ. ಇದಕ್ಕೆಂದೇ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಸಿಗುತ್ತದೆ.

ಮಾಡಬಾರದ ಕೆಲಸ

ಎಂಜಿನ್ ಓಡುವಾಗ ಬ್ಯಾಟರಿ ವೈರ್ ತೆಗೆದು 'ಡೈನಮೋ ಚಾರ್ಜ್ ಮಾಡ್ತದೇನು' ಅಂತ ನೋಡುವ ರೂಢಿ ಇನ್ನೂ ಇದೆ. ಅದು ನಿಜವಾದ ಡೈನಮೋ ಇದ್ದ ಕಾಲದ್ದು. ಆಲ್ಟರ್ನೇಟರ್‌ನಲ್ಲಿ ಡಯೋಡ್‌ಗಳಿವೆ. ಬ್ಯಾಟರಿ ತೆಗೆದ ಕ್ಷಣ ವೋಲ್ಟೇಜ್ ಒಮ್ಮೆಲೇ ಜಿಗಿದು ಅವು ಸುಡಬಹುದು. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿ ಮತ್ತು ಆಲ್ಟರ್ನೇಟರ್ ವೈರ್ ಬಿಚ್ಚಿಡಿ.

ಗಾಡಿ ಕೆಳಗೆ ಮಲಗಿ ಸ್ಕ್ರೂಡ್ರೈವರ್‌ನಿಂದ ಸೆಲ್ಫ್ ಶಾರ್ಟ್ ಮಾಡುವುದು ಜೀವಕ್ಕೇ ಅಪಾಯ. ಗೇರ್‌ನಲ್ಲಿದ್ದರೆ ಲಾರಿ ಮೈಮೇಲೆ ಹರಿಯುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಹತ್ತಿರ ಬೀಡಿ-ಸಿಗರೇಟ್ ಬೇಡ. ಉಂಗುರ, ಕಡಗ ತೆಗೆದಿಟ್ಟು ಕೆಲಸ ಮಾಡಿ. ಬಿಚ್ಚುವಾಗ ಮೈನಸ್ ಮೊದಲು, ಕಟ್ಟುವಾಗ ಮೈನಸ್ ಕೊನೆಗೆ.

ನಮ್ಮ ಬಿಸಿಲಿಗೆ ತಕ್ಕ ಆರೈಕೆ

ಬೇಸಿಗೆಯಲ್ಲಿ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬ್ಯಾಟರಿ ನೀರು ಬೇಗ ಆರುತ್ತದೆ. ಹದಿನೈದು ದಿನಕ್ಕೊಮ್ಮೆ ಮುಚ್ಚಳ ತೆಗೆದು ನೋಡಿ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಬೋರ್ ನೀರು ಬೇಡ, ಅದರಲ್ಲಿನ ಲವಣ ಪ್ಲೇಟ್ ತಿನ್ನುತ್ತದೆ. ಆ್ಯಸಿಡ್ ಕೂಡ ಬೇಡ, ಆರುವುದು ನೀರು ಮಾತ್ರ. ಟರ್ಮಿನಲ್ ಮೇಲೆ ಬೆಳ್ಳಗೆ, ಹಸಿರಾಗಿ ಕಟ್ಟಿದ ಪುಡಿಯನ್ನು ಬಿಸಿನೀರು ಮತ್ತು ಅಡುಗೆ ಸೋಡಾದಿಂದ ತೊಳೆದು, ಒಣಗಿಸಿ, ವ್ಯಾಸಲಿನ್ ಹಚ್ಚಿದರೆ ಸಾಕು. ಸೋಡಾ ನೀರು ಬ್ಯಾಟರಿ ಒಳಗೆ ಹೋಗದಂತೆ ಮುಚ್ಚಳ ಬಿಗಿ ಇರಲಿ.

ಇದು ಬರೀ ಬಾಡಿಗೆ ಲೆಕ್ಕವಲ್ಲ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಆಗಬೇಕು, ಅಲ್ಲಿ ಲೈಟ್, ಇಂಡಿಕೇಟರ್ ನೋಡುತ್ತಾರೆ. ಅದಕ್ಕಿಂತ ದೊಡ್ಡದು, ಅಥಣಿ ರಸ್ತೆಯಲ್ಲಿ ರಾತ್ರಿ ಬ್ಯಾಟರಿ ಸತ್ತು ನಿಂತ ಲಾರಿಗೆ ಹಿಂದಿನ ದೀಪವೂ ಇರುವುದಿಲ್ಲ. ಹಿಂದೆ ಬರುವ ಬೈಕ್‌ನವನಿಗೆ ಅದು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ರಿಫ್ಲೆಕ್ಟರ್ ತ್ರಿಕೋನ ಗಾಡಿಯಲ್ಲಿ ಇಟ್ಟಿರಲೇಬೇಕು.

ಗ್ಯಾರೇಜ್‌ಗೆ ಹೋದಾಗ ಮಾಲೀಕರು ಕೇಳಬೇಕಾದದ್ದು ಇಷ್ಟು: 'ಸೆಲ್ಫ್ ಹೊಡಿವಾಗ ಪ್ಲಸ್ ಕಡೆ ಎಷ್ಟು ವೋಲ್ಟ್ ಬಿತ್ರಿ? ಅರ್ಥಿಂಗ್ ಕಡೆ ಎಷ್ಟು?' ಅಳೆದು ನೋಡಿದ ಮಿಸ್ತ್ರಿ ಅಂಕಿ ಹೇಳುತ್ತಾನೆ. ಆ ಅಂಕಿ ಕೇಳಿದ ಮೇಲೂ ಬ್ಯಾಟರಿಯೇ ಹೋಗಿದೆ ಅಂತಾದರೆ ಧಾರಾಳವಾಗಿ ಹೊಸದು ತನ್ನಿ. ಹಳೇದನ್ನು ಗುಜರಿಗೆ ಹಾಕದೆ ಅದೇ ಅಂಗಡಿಗೆ ವಾಪಸ್ ಕೊಡಿ, ಬೆಲೆಯಲ್ಲಿ ಒಂದಷ್ಟು ಕಡಿಮೆಯೂ ಆಗುತ್ತದೆ.